“ನಿಮ್ಮ ಇನ್ನೊಂದು ಕೈ ಎಲ್ಲಿ ಹೋಯಿತು?”: ಒಂದು ಪ್ರಶ್ನೆಯ ಪ್ರಕರಣ ಅಧ್ಯಯನ

ಈ ಪ್ರಕರಣ ನನ್ನ ಬಳಿ ಬಂದದ್ದು ಉಗುರಿನ ಸಮಸ್ಯೆಯಾಗಿ. ನಾಲ್ಕು ವರ್ಷ ಎರಡು ತಿಂಗಳಿನ ಹುಡುಗಿ, ಹತ್ತು ದಿನಗಳಿಂದ ಉಗುರು ಕತ್ತರಿಸಲು ಬಿಡುತ್ತಿಲ್ಲ. ನೇಲ್ ಕಟರ್ ಕಂಡರೆ ಸಾಕು, ಎರಡೂ ಕೈಗಳನ್ನು ಅಂಗಿಯೊಳಗೆ ಎಳೆದುಕೊಂಡು ಮಂಚದ ಕೆಳಗೆ ತೂರುತ್ತಾಳೆ. ನಿದ್ದೆಯಲ್ಲಿ ಕತ್ತರಿಸಿಬಿಡೋಣ ಎಂದು ತಾಯಿ ಒಮ್ಮೆ ಪ್ರಯತ್ನಿಸಿದಾಗ ಎಚ್ಚರಗೊಂಡು ಬೆವರಿ, ಬಿಕ್ಕಿ, ಅರ್ಧ ರಾತ್ರಿ ಅತ್ತಳಂತೆ. ಅದುವರೆಗೆ ತಾನಾಗಿಯೇ ಬೆರಳು ಚಾಚಿ ಕೂರುತ್ತಿದ್ದ ಮಗು ಅದು. ಉಗುರು ತೆಗೆಯುವಾಗ ಗಾಯವಾದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ.

ನಾನು ಆ ಶಿಶುವಿಹಾರಕ್ಕೆ ವಾರದಲ್ಲಿ ಎರಡು ದಿನ ಹೋಗುವ ಆಪ್ತಸಮಾಲೋಚಕಿ. ಗುರುತು ಹತ್ತದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವಿನ ತಾಯಿಯೂ ಮುಂದೆ ಬರುವ ಸಂಗೀತ ಶಿಕ್ಷಕಿಯೂ ಬರೆಯಲು ಒಪ್ಪಿದ್ದಾರೆ. ಶಿಕ್ಷಕಿ ಮಾತ್ರ ಒಂದು ಷರತ್ತು ಹಾಕಿದರು: “ನಿಮ್ಮ ತಪ್ಪನ್ನೂ ಬರೆಯಬೇಕು, ಒಂದು ಸಾಲಿನಲ್ಲಿ ಮುಗಿಸಬಾರದು.” ಮುಗಿಸುವುದಿಲ್ಲ.

ಆ ಸಂಜೆ ನಡೆದದ್ದು

“ಉಗುರಿನ ಗಲಾಟೆ ಶುರುವಾದ ವಾರ ಇನ್ನೇನಾದರೂ ಆಗಿತ್ತೇ?” ಎಂದು ಕೇಳಿದಾಗ ತಾಯಿ ಬಹಳ ಹೊತ್ತು ಯೋಚಿಸಿದರು. ಜ್ವರ ಬಂದಿರಲಿಲ್ಲ, ಮನೆಗೆ ಹೊಸಬರು ಬಂದಿರಲಿಲ್ಲ. ಕೊನೆಗೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ, “ಅಯ್ಯೋ, ಒಂದು ಮುಜುಗರ ಆಗಿತ್ತು” ಎಂದು ಹೇಳತೊಡಗಿದರು.

ಅಂದು ಶಿಶುವಿಹಾರಕ್ಕೆ ಹೊಸ ಸಂಗೀತ ಶಿಕ್ಷಕಿ ಬಂದಿದ್ದರು. ಅವರ ಎಡಗೈ ಹುಟ್ಟಿನಿಂದಲೇ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿಯುತ್ತದೆ. ಸಂಜೆ ಪೋಷಕರು ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಅವರು ಬಾಗಿಲ ಬಳಿ ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದರು. ಹುಡುಗಿ ನಿಂತಳು. ಮೊದಲು ಅವರ ತೋಳಿನತ್ತ ಇಣುಕಿದಳು. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಪಕ್ಕದಲ್ಲಿದ್ದ ಅವರ ಚೀಲದ ಬಾಯಿ ತೆರೆದಿತ್ತು, ಅದರೊಳಗೂ ತಲೆ ಹಾಕಿ ನೋಡಿದಳು. ಎಲ್ಲಿಯೂ ಸಿಗದಿದ್ದಾಗ, ಇಡೀ ಪಡಸಾಲೆಗೆ ಕೇಳುವ ದನಿಯಲ್ಲಿ, “ಮಿಸ್, ನಿಮ್ಮ ಇನ್ನೊಂದು ಕೈ ಎಲ್ಲಿ ಹೋಯಿತು?” ಎಂದಳು.

ತಾಯಿಯ ಅಂಗೈ ಮಗುವಿನ ಬಾಯಿ ಮುಚ್ಚಿತು. “ಶ್! ಹಾಗೆಲ್ಲ ಕೇಳಬಾರದು, ತಪ್ಪು!” ಎಂದು ಗದರಿ, “ಕ್ಷಮಿಸಿ ಮೇಡಂ, ಚಿಕ್ಕವಳು, ತಿಳಿಯುವುದಿಲ್ಲ” ಎಂದು ಶಿಕ್ಷಕಿಯ ಕಡೆ ನೋಡದೆಯೇ ಹೇಳಿ, ಮಗುವಿನ ರಟ್ಟೆ ಹಿಡಿದು ಹೊರಗೆ ನಡೆದರು. ಶಿಕ್ಷಕಿ ಉತ್ತರಿಸಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಇವರು ಗೇಟು ದಾಟಿದ್ದರು. “ನೆಲ ಬಾಯ್ಬಿಡಬಾರದೇ ಅನ್ನಿಸಿತು” ಎಂದರು ತಾಯಿ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮನೆಗೆ ಹೋದ ಮೇಲೂ ಆ ವಿಷಯ ಎತ್ತಲಿಲ್ಲ. ಮಗು ಮರೆತಿದೆ ಎಂದುಕೊಂಡರು. ಮರುದಿನವೇ ಉಗುರಿನ ರಗಳೆ ಶುರುವಾಯಿತು.

ಮಗು ಕೇಳಿದ್ದು “ಏಕೆ ಇಲ್ಲ” ಎಂದಲ್ಲ, “ಎಲ್ಲಿ ಹೋಯಿತು” ಎಂದು. ನಾಲ್ಕು ವರ್ಷದ ತಲೆಯಲ್ಲಿ ಒಂದು ಗಟ್ಟಿ ನಿಯಮವಿರುತ್ತದೆ: ಎಲ್ಲರಿಗೂ ಎರಡು ಕೈ. ಕಾಣದಿದ್ದರೆ ಎಲ್ಲೋ ಬಿದ್ದಿದೆ, ಹುಡುಕಬೇಕು. ಚೀಲದಲ್ಲಿ ಹುಡುಕಿದ್ದು ಅಣಕವಲ್ಲ, ತನಿಖೆ. ತಾಯಿಗೆ ಮಾತ್ರ ಅದು ಮಾನ ಹೋದಂತೆ ಕಂಡಿತು. ಬೇರೆಯವರ ದೇಹದ ಬಗ್ಗೆ ನಮಗಿರುವ ಕುತೂಹಲವನ್ನು ಬಚ್ಚಿಡಲು ನಾವು ವರ್ಷಗಟ್ಟಲೆ ಕಲಿತಿರುತ್ತೇವೆ. ಮಗು ಅದನ್ನು ಬಯಲಿಗೆಳೆದಾಗ ನಾಚಿಕೆಯಾಗುವುದು ನಮಗೆ, ಶಿಕ್ಷೆ ಮಾತ್ರ ಮಗುವಿಗೆ.

ಗದರಿಕೆಯ ಮಾತಿಗಿಂತ ಗದರಿದವರ ಮುಖ ಹೆಚ್ಚು ಕೆಲಸ ಮಾಡುತ್ತದೆ. ಇದನ್ನು 1985ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗ ತೋರಿಸಿಕೊಟ್ಟಿತು. ಗಾಜು ಹಾಸಿದ ಮೇಜು. ಅದರ ಅರ್ಧ ಭಾಗದಲ್ಲಿ ಗಾಜಿನ ಕೆಳಗೆ ಹಳ್ಳವಿರುವಂತೆ ಕಾಣುತ್ತದೆ. ಒಂದು ವರ್ಷದ ಕೂಸುಗಳು ಅಂಚಿಗೆ ಅಂಬೆಗಾಲಿಟ್ಟು ಬಂದು, ಏನು ಮಾಡಲೆಂದು ಆಚೆ ನಿಂತ ತಾಯಿಯ ಮುಖ ನೋಡುತ್ತವೆ. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿದವು. ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ತಾಯಂದಿರು ಒಂದು ಮಾತನ್ನೂ ಆಡಿರಲಿಲ್ಲ. ನಮ್ಮ ಹುಡುಗಿಯೂ ಆ ಸಂಜೆ ಅಂಥದೇ ಒಂದು ಅಂಚಿನಲ್ಲಿ ನಿಂತು ಅಮ್ಮನ ಮುಖ ನೋಡಿದ್ದಳು.

ನಾನು ಮಾಡಿದ ಎಡವಟ್ಟು

ತಾಯಿಯ ಮಾತು ಕೇಳಿದ್ದೇ ತಡ, ನನಗೆ ಎಲ್ಲ ತಿಳಿದುಹೋಯಿತು ಎನ್ನಿಸಿತು. ಮಗುವಿಗೆ ಶಿಕ್ಷಕಿಯ ಕೈ ಕಂಡು ಭಯವಾಗಿದೆ, ಆ ಭಯ ಹೋಗಲಾಡಿಸಬೇಕು, ತರಗತಿಯ ಎಲ್ಲ ಮಕ್ಕಳಿಗೂ ಒಟ್ಟಿಗೇ ಹೇಳಿಬಿಟ್ಟರೆ ಒಳ್ಳೆಯದು. ಮರುದಿನ ಬೆಳಿಗ್ಗೆಯೇ “ನಾವೆಲ್ಲ ಬೇರೆ ಬೇರೆ” ಎಂಬ ಕಾರ್ಯಕ್ರಮ ಇಟ್ಟೆ. ಕನ್ನಡಕದ ಚಿತ್ರ, ಗಾಲಿಕುರ್ಚಿಯ ಚಿತ್ರ, ತೊನ್ನಿನ ಮಚ್ಚೆಗಳಿರುವ ಮುಖದ ಚಿತ್ರ. ಮಧ್ಯದಲ್ಲಿ ಒಂದು ಕುರ್ಚಿ, ಅದರ ಮೇಲೆ ಸಂಗೀತ ಶಿಕ್ಷಕಿ. ಅವರ ಒಪ್ಪಿಗೆ ಕೇಳಿದ್ದೆ ನಿಜ. ಕೇಳಿದ್ದು ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮುಂಚೆ, ಮುಖ್ಯಶಿಕ್ಷಕಿಯ ಎದುರಿಗೆ, ಅವರು ಕೆಲಸಕ್ಕೆ ಸೇರಿ ಎರಡು ವಾರವೂ ತುಂಬದಿದ್ದಾಗ. ಅದನ್ನು ಒಪ್ಪಿಗೆ ಎನ್ನಬಹುದೇ?

ಇಪ್ಪತ್ತೆರಡು ಮಕ್ಕಳು ಸುತ್ತ ಕುಳಿತರು. “ಯಾರಿಗೆ ಏನು ಬೇಕೋ ಕೇಳಿ” ಎಂದೆ. ನೋಯುತ್ತದೆಯೇ, ಮುಟ್ಟಬಹುದೇ, ಒಳಗೆ ಮೂಳೆ ಇದೆಯೇ. ಒಬ್ಬ ಎದ್ದು ಬಂದು ಅವರ ಉಡುಪಿನ ತೋಳನ್ನೇ ಮೇಲಕ್ಕೆ ಸರಿಸಿದ. ಪರಿಸ್ಥಿತಿ ಕೈಮೀರುತ್ತಿದೆ ಎನ್ನಿಸಿ, “ಮಿಸ್ ಕೈ ತುಂಬಾ ವಿಶೇಷವಾದದ್ದು” ಎಂದುಬಿಟ್ಟೆ. ಮುಂದಿನ ಸಾಲಿನ ಹುಡುಗ ತನ್ನ ಎರಡೂ ಕೈಗಳನ್ನು ನೋಡಿಕೊಂಡು, “ನನಗೆ ಏಕೆ ವಿಶೇಷದ್ದು ಕೊಟ್ಟಿಲ್ಲ?” ಎಂದು ಅಳುಮುಖ ಮಾಡಿದ. ನಮ್ಮ ಹುಡುಗಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಆತು, ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡು ಕುಳಿತಿದ್ದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ನನ್ನ ಕಾರ್ಯಕ್ರಮ ಅಷ್ಟಕ್ಕೂ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಶಿಕ್ಷಕಿ ಕೀಬೋರ್ಡಿನ ವೈರು ಸುತ್ತುತ್ತಾ ಹೇಳಿದರು: “ನಾನು ಹಾಡು ಹೇಳಿಕೊಡಲು ಸೇರಿದವಳು. ಇವತ್ತು ನನ್ನ ಕೈ ಪಾಠ ಮಾಡಿತು.” ಸ್ವಲ್ಪ ಹೊತ್ತು ಬಿಟ್ಟು, “ಕೇಳಿದ ಮಗುವಿಗೆ ಉತ್ತರ ಕೊಡಲು ನನಗೇನೂ ಬೇಸರವಿಲ್ಲ. ಚಿಕ್ಕಂದಿನಿಂದ ಕೊಡುತ್ತಲೇ ಇದ್ದೇನೆ. ಕೇಳದ ಇಪ್ಪತ್ತೊಂದು ಮಕ್ಕಳಿಗೆ ಏಕೆ ಕೊಡಿಸಿದಿರಿ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ನಾಚಿಕೆಗೇಡಿನ ಇನ್ನೊಂದು ಸಂಗತಿಯೂ ಇದೆ. ಆ ಕಾರ್ಯಕ್ರಮಕ್ಕೆ ಅನುಮತಿ ಕೋರಿ ಬರೆದ ಟಿಪ್ಪಣಿಯಲ್ಲಿ ನಾನು ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಉಲ್ಲೇಖಿಸಿದ್ದೆ. ಚಿಕ್ಕ ವಯಸ್ಸಿನಿಂದಲೇ ಎಲ್ಲ ಮಕ್ಕಳಲ್ಲಿ ಗೌರವದ ಭಾವ ಬೆಳೆಸಬೇಕು ಎನ್ನುವ 8ನೆಯ ವಿಧಿ. ಅದೇ ಒಡಂಬಡಿಕೆಯ 3ನೆಯ ವಿಧಿ ಎಲ್ಲಕ್ಕಿಂತ ಮೊದಲು ಹೇಳುವುದು ವ್ಯಕ್ತಿಯ ಘನತೆ ಮತ್ತು ತನ್ನ ಆಯ್ಕೆಯನ್ನು ತಾನೇ ಮಾಡುವ ಸ್ವಾತಂತ್ರ್ಯದ ಬಗ್ಗೆ. ಎಂಟನ್ನು ಓದುವ ಅವಸರದಲ್ಲಿ ಮೂರನ್ನು ಹಾರಿಸಿದ್ದೆ.

ಆ ವಾರ ಶಿಶುವಿಹಾರ ನನ್ನ ಸಲಹೆಯ ಮೇರೆಗೆ ಗಾಲಿಕುರ್ಚಿಯಲ್ಲಿ ಕುಳಿತ ಒಂದು ಬೊಂಬೆಯನ್ನೂ ಕೊಂಡಿತು. ಅದು ಕೊಳೆಯಾಗದಿರಲಿ ಎಂದು ಮಕ್ಕಳ ಕೈಗೆಟುಕದ ಮೇಲಿನ ಕಪಾಟಿನಲ್ಲಿ ಕುಳಿತಿದೆ. 1997ರಲ್ಲಿ ಬಾರ್ಬಿ ಕಂಪನಿ ತನ್ನ ಮೊದಲ ಗಾಲಿಕುರ್ಚಿಯ ಬೊಂಬೆಯನ್ನು ತಂದಾಗ, ಆ ಗಾಲಿಕುರ್ಚಿ ಅದೇ ಕಂಪನಿಯ ಬೊಂಬೆಮನೆಯ ಲಿಫ್ಟಿನೊಳಗೆ ಹಿಡಿಸುತ್ತಿರಲಿಲ್ಲ. ದೊಡ್ಡವರ ಸದುದ್ದೇಶ ಎಡವುವುದು ಇಂಥ ಹೊಸ್ತಿಲುಗಳಲ್ಲೇ. ಆಟವಾಡುವ ಮಗು ಮೊದಲ ದಿನವೇ ಅದನ್ನು ಕಂಡುಹಿಡಿದಿರುತ್ತದೆ.

ಹಿಟ್ಟಿನ ಬೊಂಬೆ ಹೇಳಿದ್ದು

ಮೂರು ದಿನ ಬಿಟ್ಟು ಹುಡುಗಿಯೊಂದಿಗೆ ಒಬ್ಬಳೇ ಕುಳಿತೆ. ಏನನ್ನೂ ಕೇಳಲಿಲ್ಲ. ಮೇಜಿನ ಮೇಲೆ ಬಣ್ಣದ ಆಟದ ಹಿಟ್ಟು ಇಟ್ಟು ನಾನೊಂದು ಬೆಕ್ಕು ಮಾಡತೊಡಗಿದೆ. ಅವಳು ಒಬ್ಬ ಹುಡುಗಿಯನ್ನು ಮಾಡಿದಳು. ಗುಂಡು ತಲೆ, ಉದ್ದ ಕಾಲು, ಎರಡು ಕೈ. ಬೊಂಬೆಯ ಒಂದು ಕೈಯನ್ನು ಬಾಯಿಯ ತನಕ ಬಾಗಿಸಿದಳು. ಆಮೇಲೆ ಅದನ್ನು ಬೆರಳ ತುದಿಯಲ್ಲಿ ಚಿವುಟಿ ತೆಗೆದು ಮೇಜಿನ ಅಂಚಿನಿಂದ ಕೆಳಗೆ ಬೀಳಿಸಿದಳು.

“ಬಿದ್ದುಹೋಯಿತೇ?” ಎಂದೆ.

“ಇವಳು ಬೆರಳು ಚೀಪಿದಳು” ಎಂದಳು. ನನ್ನ ಮುಖ ನೋಡಲಿಲ್ಲ.

ಅಂದೇ ಮನೆಯವರಿಗೆ ಫೋನ್ ಮಾಡಿದೆ. ಹೌದು, ಮಗುವಿಗೆ ಬಲಗೈ ಹೆಬ್ಬೆರಳು ಚೀಪುವ ಅಭ್ಯಾಸವಿದೆ. ಆರು ತಿಂಗಳ ಹಿಂದೆ ಅದನ್ನು ಬಿಡಿಸಲು ಅಜ್ಜಿ, “ಹೀಗೇ ಚೀಪುತ್ತಿದ್ದರೆ ಒಂದು ದಿನ ಕೈಯೇ ಉದುರಿಹೋಗುತ್ತದೆ, ನೋಡುತ್ತಿರು” ಎಂದು ಹೆದರಿಸಿದ್ದರು. ಆಗ ಮಗು ಕ್ಯಾರೇ ಅನ್ನಲಿಲ್ಲ, ಚೀಪುವುದನ್ನು ಬಿಡಲೂ ಇಲ್ಲ. ಗುಮ್ಮ ಬರುತ್ತಾನೆ ಎನ್ನುವವರ ಮನೆಗೆ ಯಾವತ್ತೂ ಗುಮ್ಮ ಬಂದಿರುವುದಿಲ್ಲವಲ್ಲ. ಆದರೆ ಈಗ ಉದುರಿದ ಕೈಗೆ ಸಾಕ್ಷಿಯೇ ಎದುರಿಗೆ ಬಂದು, ಕುರ್ಚಿಯ ಮೇಲೆ ಕುಳಿತು ಹಾಡು ಹೇಳಿಕೊಡುತ್ತಿತ್ತು.

ಉಳಿದ ತುಂಡುಗಳೆಲ್ಲ ತಾವಾಗಿಯೇ ಕೂಡಿಕೊಂಡವು. ಮಗು ಕೇಳಿದಾಗ ಅಮ್ಮ “ತಪ್ಪು” ಎಂದರು. ಕೇಳಿದ್ದು ತಪ್ಪು ಎಂಬುದು ಅಮ್ಮನ ಅರ್ಥ. ಕೈ ಹೋಗುವಂಥ ತಪ್ಪು ಮಿಸ್ ಮಾಡಿದ್ದಾರೆ ಎಂಬುದು ಮಗುವಿನ ಅರ್ಥ. ಉಗುರು ಕತ್ತರಿಸಿದಾಗ ಕೈಯ ಚೂರುಗಳು ನಿಜವಾಗಿಯೂ ಕೆಳಗೆ ಉದುರುತ್ತವೆ. ಉದುರುವುದು ಶುರುವಾಗುವುದೇ ಹೀಗಿರಬಹುದು ಎಂದು ಮಗು ಲೆಕ್ಕ ಹಾಕಿತು. ನಾಲ್ಕು ವರ್ಷದ ತರ್ಕದಲ್ಲಿ ಒಂದು ಕೊಂಡಿಯೂ ತಪ್ಪಿರಲಿಲ್ಲ.

ಸ್ವಿಸ್ ಮನೋವಿಜ್ಞಾನಿ ಜಾನ್ ಪಿಯಾಜೆ 1932ರಲ್ಲೇ ಇಂಥ ಯೋಚನೆಯನ್ನು ವಿವರಿಸಿದ್ದರು. ಹಣ್ಣು ಕದ್ದು ಓಡುವ ಹುಡುಗನೊಬ್ಬ ಶಿಥಿಲ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೂ ಬೀಳುತ್ತಿದ್ದನೇ ಎಂದು ಅವರು ಮಕ್ಕಳನ್ನು ಕೇಳಿದರು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರ ಉತ್ತರ: ಇಲ್ಲ, ಕದ್ದದ್ದರಿಂದಲೇ ಬಿದ್ದ. ಕೆಟ್ಟದ್ದು ಆಗಿದೆ ಎಂದರೆ ಕೆಟ್ಟದ್ದು ಮಾಡಿರಲೇಬೇಕು, ಶಿಕ್ಷೆ ವಸ್ತುಗಳೊಳಗೇ ಅಡಗಿ ಕುಳಿತಿರುತ್ತದೆ. ದೊಡ್ಡವರಾದ ಮೇಲೆ ಇದು ನಮ್ಮಿಂದ ಪೂರ್ತಿ ಬಿಟ್ಟುಹೋಗುತ್ತದೆ ಎಂದೇನೂ ನನಗೆ ಅನ್ನಿಸುವುದಿಲ್ಲ. ಈ ತಾಯಿ ಶಿಕ್ಷಕಿಯ ವಿಷಯ ಬಂದಾಗಲೆಲ್ಲ “ಪಾಪ” ಎನ್ನುತ್ತಿದ್ದರು. ಮರುಕದ “ಅಯ್ಯೋ ಪಾಪ”ವೂ, ಮಾಡಿದ ಪಾಪವೂ ನಮ್ಮ ಭಾಷೆಯಲ್ಲಿ ಒಂದೇ ಪದ. ಮಗುವಿಗೆ ಯಾವುದು ಕೇಳಿಸಿತೋ ಯಾರು ಬಲ್ಲರು.

ಮತ್ತೊಮ್ಮೆ ಭೇಟಿಯಾದಾಗ ತಾಯಿ ದನಿ ತಗ್ಗಿಸಿ, “ಅವರ ತಾಯಿ ಬಸುರಿಯಾಗಿದ್ದಾಗ ಏನಾದರೂ ತಿನ್ನಬಾರದ್ದು ತಿಂದಿದ್ದರೇ?” ಎಂದು ಕೇಳಿದರು. ಅಜ್ಜಿಯ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ನನಗೆ ತಿಳಿದಷ್ಟನ್ನು ಹೇಳಿದೆ. ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ ಕೈ ಒಂದು ಪುಟ್ಟ ಮೊಗ್ಗಿನಂತೆ ಮೂಡುತ್ತದೆ. ಎಂಟನೆಯ ವಾರದ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಆಗ ಇಡೀ ಭ್ರೂಣದ ಉದ್ದವೇ ಸುಮಾರು 3 ಸೆಂಟಿಮೀಟರ್. ಈ ನಾಲ್ಕು ವಾರಗಳಲ್ಲಿ ಆ ಮೊಗ್ಗಿಗೆ ರಕ್ತ ಹರಿಯುವುದು ತಡೆದರೆ, ಅಥವಾ ಸುತ್ತಲಿನ ಪೊರೆಯ ಎಳೆಯೊಂದು ಆಮೇಲೆ ಕೈಗೆ ಸುತ್ತಿಕೊಂಡರೆ, ಕೈ ಅಷ್ಟಕ್ಕೇ ನಿಲ್ಲಬಹುದು. ಔಷಧಿಯೇ ಕಾರಣವಾದ ದುರಂತವೂ ನಡೆದಿದೆ: 1957ರಲ್ಲಿ ಮಾರುಕಟ್ಟೆಗೆ ಬಂದು 1961ರಲ್ಲಿ ಹಿಂದೆ ಸರಿದ ಥಾಲಿಡೋಮೈಡ್ ಮಾತ್ರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಕಾರಣ ಎಂದು ಬೊಟ್ಟುಮಾಡಿ ತೋರಿಸಲು ವೈದ್ಯರಿಗೂ ಆಗುವುದಿಲ್ಲ. ತಾಯಿ ಸುಮ್ಮನಾದರು. ಆಮೇಲೆ ಅವರ ಬಾಯಲ್ಲಿ “ಪಾಪ” ಕೇಳಲಿಲ್ಲ, ಕನಿಷ್ಠ ನನ್ನೆದುರಿಗೆ.

ಯಾರು, ಯಾವ ಮಾತು

ಹಾಗಾದರೆ ಮಗುವಿಗೆ ಏನು ಹೇಳಬೇಕಿತ್ತು? “ವಿಕಲಚೇತನ”, “ವಿಶೇಷಚೇತನ” ಎಂಬ ಪದಗಳು ಕಚೇರಿಯ ಅರ್ಜಿಗೆ ಸರಿ. ಮೇಜಿನ ಕೆಳಗೆ ಕೈ ಹುಡುಕುವವಳಿಗೆ ಅವು ಏನನ್ನೂ ಹೇಳುವುದಿಲ್ಲ. ಇನ್ನು ಮೋಟ, ಕುಂಟ, ಕುರುಡ ಎಂಬವು ಎಷ್ಟೋ ಕಾಲದಿಂದ ಬೈಗುಳದ ಕೆಲಸ ಮಾಡಿ ಸವೆದಿವೆ. ಪದ ಹುಡುಕುವ ತೊಂದರೆ ನನಗೆ ಬರಲಿಲ್ಲ, ಏಕೆಂದರೆ ಶಿಕ್ಷಕಿಯ ಬಳಿ ಬಳಸಿ ಬಳಸಿ ನುಣುಪಾದ ಉತ್ತರ ಮೊದಲೇ ಇತ್ತು: “ನಾನು ಹುಟ್ಟಿದ್ದೇ ಹೀಗೆ. ಅಮ್ಮನ ಹೊಟ್ಟೆಯಲ್ಲಿ ಈ ಕೈ ಇಷ್ಟೇ ಬೆಳೆಯಿತು. ನೋಯುವುದಿಲ್ಲ.” ತನ್ನ ಕೈಯನ್ನು ಅವರು “ಚಿಕ್ಕ ಕೈ” ಎನ್ನುತ್ತಾರೆ. ಆದ್ದರಿಂದ ನಾವೂ ಹಾಗೆಯೇ ಎಂದೆವು.

ಈ ಮಗುವಿಗೆ ಮಾತ್ರ ಇನ್ನೊಂದು ಮಾತು ಬೇಕಿತ್ತು. ಅದನ್ನು ನಾನು ಹೇಳಿದರೆ ಸಾಲದು, ಬೆದರಿಕೆ ಹಾಕಿದವರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದೆ. ಅಜ್ಜಿ ಸುಲಭಕ್ಕೆ ಬಗ್ಗಲಿಲ್ಲ. “ನಾವೆಲ್ಲ ಇಂಥದ್ದೇ ಕೇಳಿ ಬೆಳೆದವರು, ನಮಗೇನಾಗಿದೆ?” ಎಂದರು. ಮೊಮ್ಮಗಳು ಮಂಚದ ಕೆಳಗಿನಿಂದ ಬರದ ಒಂದು ಸಂಜೆ ಅವರೇ ನೆಲದ ಮೇಲೆ ಕುಳಿತು ಹೇಳಿದರಂತೆ: “ಚೀಪಿದರೆ ಕೈ ಬೀಳುವುದಿಲ್ಲ ಪುಟ್ಟಿ. ಅಜ್ಜಿ ಸುಳ್ಳು ಹೇಳಿದ್ದೆ.” ಮಗುವಿನ ಎದುರು ದೊಡ್ಡವರು ಸುಳ್ಳನ್ನು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಮನೆಯಲ್ಲಿತ್ತು. ಮಗು ಕೇಳಿದ್ದು ಒಂದೇ: “ಗುಮ್ಮನದ್ದೂ ಸುಳ್ಳೇ?”

ಶಿಕ್ಷಕಿ ಮತ್ತು ಮಗುವಿನ ಭೇಟಿಯನ್ನು ಈ ಸಲ ನಾನು ಏರ್ಪಡಿಸಲಿಲ್ಲ. ಅದು ತಾನಾಗಿಯೇ ನಡೆದಾಗ ದೂರದಲ್ಲಿದ್ದೆ ಅಷ್ಟೆ. ಸಂಗೀತ ತರಗತಿ ಮುಗಿದಿತ್ತು. ಶಿಕ್ಷಕಿ ನೀರಿನ ಬಾಟಲಿಯನ್ನು ಚಿಕ್ಕ ಕೈಯ ಮೊಣಕೈ ಮಡಿಕೆಯಲ್ಲಿ ಸಿಕ್ಕಿಸಿ, ಬಲಗೈಯಿಂದ ಮುಚ್ಚಳ ತಿರುಗಿಸುತ್ತಿದ್ದರು. ಹುಡುಗಿ ಹತ್ತಿರ ಬಂದು ಬಹಳ ಸಣ್ಣ ದನಿಯಲ್ಲಿ, “ನೀವು ಬೆರಳು ಚೀಪಿದ್ದಿರಾ?” ಎಂದಳು.

ಶಿಕ್ಷಕಿಗೆ ಹಿನ್ನೆಲೆ ಹೇಳಿದ್ದೆ. ಆದರೂ ಅವರ ಉತ್ತರ ನನ್ನ ಊಹೆಯಲ್ಲಿ ಇರಲಿಲ್ಲ. “ಓಹೋ, ಬೇಕಾದಷ್ಟು ಚೀಪಿದ್ದೆ. ಇದರದ್ದು” ಎಂದು ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದರು. “ಚೀಪಿದ ಕೈ ಇಲ್ಲೇ ಇದೆ ನೋಡು.” ಹುಡುಗಿ ಆ ಹೆಬ್ಬೆರಳನ್ನೂ ಚಿಕ್ಕ ಕೈಯನ್ನೂ ಬದಲಿಸಿ ಬದಲಿಸಿ ನೋಡಿದಳು. ತರ್ಕಕ್ಕೆ ತರ್ಕವೇ ಉತ್ತರ ಕೊಟ್ಟಿತ್ತು.

“ಅದನ್ನು ಮುಟ್ಟಲೇ?”

“ಇವತ್ತು ಬೇಡ” ಎಂದರು ಶಿಕ್ಷಕಿ.

“ಹೂಂ” ಎಂದು ಹುಡುಗಿ ಆಡಲು ಓಡಿದಳು. ಪಕ್ಕದಲ್ಲಿದ್ದ ಸಹಾಯಕಿಗೆ ಕಸಿವಿಸಿ. “ಮುಟ್ಟಲು ಬಿಡಬಹುದಿತ್ತು, ಮಗುವಿಗೆ ಬೇಜಾರಾಯಿತೇನೋ” ಎಂದರು. ಬೇಜಾರಾದದ್ದು ಸಹಾಯಕಿಗೆ, ಮಗುವಿಗಲ್ಲ. ಬೇಡ ಎಂಬ ಮಾತನ್ನು ಮಕ್ಕಳು ದಿನಕ್ಕೆ ಐವತ್ತು ಸಲ ಕೇಳುತ್ತಾರೆ. ಯಾರದೋ ದೇಹದ ಬಗ್ಗೆ ಕುತೂಹಲ ಪಡುವುದು ತಪ್ಪಲ್ಲ, ಆದರೆ ಆ ದೇಹದ ಬಾಗಿಲ ಅಗಳಿ ಅದರ ಒಡೆಯರ ಕೈಯಲ್ಲೇ ಇರುತ್ತದೆ. ನಲವತ್ತು ನಿಮಿಷದ ನನ್ನ ಕಾರ್ಯಕ್ರಮ ಹೇಳಲಾಗದ್ದನ್ನು ಆ ಎರಡು ಪದ ಹೇಳಿದ್ದವು.

ಆಮೇಲೆ ಪ್ರಶ್ನೆಗಳ ಜಾತಿಯೇ ಬದಲಾಯಿತು. “ಎಲ್ಲಿ ಹೋಯಿತು” ನಿಂತು “ಹೇಗೆ ಮಾಡುತ್ತೀರಿ” ಶುರುವಾಯಿತು. ಜಡೆ ಹೇಗೆ ಹಾಕಿಕೊಳ್ಳುತ್ತೀರಿ, ಛತ್ರಿ ಹೇಗೆ ಬಿಡಿಸುತ್ತೀರಿ. ಮನೆಯಲ್ಲಿ ಒಂದು ವಾರ ಹುಡುಗಿ ಪ್ರತಿಯೊಂದು ಬಾಟಲಿಯನ್ನೂ ಮೊಣಕೈಯಲ್ಲಿ ಸಿಕ್ಕಿಸಿಯೇ ತೆರೆದಳು, ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡಳು. ತಾಯಿಗೆ ಗಾಬರಿ: ಇದು ಅಣಕವಲ್ಲವೇ? ಅಣಕಿಸುವ ಮಗು ಮಾಡುತ್ತಾ ಮಾಡುತ್ತಾ ಯಾರು ನಗುತ್ತಾರೆಂದು ಸುತ್ತ ನೋಡುತ್ತದೆ. ಈ ಮಗು ಬಾಟಲಿಯನ್ನೇ ನೋಡುತ್ತಿತ್ತು.

ತಾಯಿಯೊಂದಿಗೆ ನಾನು ಮಾಡಿದ್ದು ಬಹುಪಾಲು ಬರೀ ತಾಲೀಮು. ಜನರ ನಡುವೆ ಮಗು ಜೋರಾಗಿ ಕೇಳಿದರೆ ಬಾಯಿ ಮುಚ್ಚಬೇಡಿ, ಎಂದಿನ ದನಿಯಲ್ಲಿ ಒಂದು ವಾಕ್ಯ ಹೇಳಿ. “ಹೌದು, ಅವರು ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ.” ಕಾರಣ ಗೊತ್ತಿಲ್ಲದಿದ್ದರೆ “ನನಗೆ ಗೊತ್ತಿಲ್ಲ” ಎನ್ನಿ, ಕಥೆ ಕಟ್ಟಬೇಡಿ. ಇಷ್ಟು ಕಲಿತ ಪೋಷಕರು ಕೆಲವೊಮ್ಮೆ ಇನ್ನೊಂದು ತುದಿಗೆ ಜಿಗಿಯುತ್ತಾರೆ: “ಹೋಗು, ಅವರನ್ನೇ ಕೇಳು” ಎಂದು ಮಗುವನ್ನು ಅಪರಿಚಿತರ ಮುಂದೆ ದೂಡುತ್ತಾರೆ. ಅದೂ ಬೇಡ. ಅವರು ತಮ್ಮ ಕೆಲಸಕ್ಕೆ ಹೊರಟವರು, ನಮ್ಮ ಮಗುವಿಗೆ ಪಾಠ ಹೇಳಲು ಬಂದವರಲ್ಲ. ಉಳಿದ ಮಾತು ಮನೆಗೆ ಬಂದ ಮೇಲೆ ಆಗಲಿ, ಆದರೆ ಆಗಲೇಬೇಕು. ಆ ಮೊದಲ ಸಂಜೆಯ ಮೌನವೇ ಹತ್ತು ದಿನ ಮಗುವಿನೊಳಗೆ ಮಾತಾಡುತ್ತಿತ್ತು.

ಪ್ರಗತಿ ನೆಟ್ಟಗೆ ಸಾಗಲಿಲ್ಲ. ಅಜ್ಜಿ ಸುಳ್ಳು ಒಪ್ಪಿಕೊಂಡ ಮರುದಿನವೂ ನೇಲ್ ಕಟರ್ ಕಂಡು ಕಿರುಚಾಟವಾಯಿತು. ಬೊಂಬೆಯ ಉಗುರು, ಅಪ್ಪನ ಉಗುರು, ಅಜ್ಜಿಯ ಉಗುರು ಎಲ್ಲವನ್ನೂ ಅವಳ ಎದುರಿಗೇ ಕತ್ತರಿಸಿದ್ದಾಯಿತು. ಉದುರಿದ ಚೂರುಗಳನ್ನು ಅವಳೇ ಎಣಿಸಿ, ಬೆರಳುಗಳನ್ನೂ ಎಣಿಸಿ ತಾಳೆ ನೋಡಿದಳು. ಮೊದಲ ಭೇಟಿಯಿಂದ ಐದನೆಯ ವಾರ ತಾಯಿ ಫೋನ್ ಮಾಡಿದರು. ಅಂದು ಕಿಟಕಿಯ ಬಳಿ ಕುಳಿತು ಮಗು ತಾನಾಗಿಯೇ ಎಡಗೈ ಚಾಚಿದ್ದಳು. ಐದೂ ಆಯಿತು. ಬಲಗೈಯ ಕಿರುಬೆರಳಿನಿಂದ ಶುರುಮಾಡಿ ತೋರುಬೆರಳಿನ ತನಕ ಬಂದರು. ಹೆಬ್ಬೆರಳಿನ ಹತ್ತಿರ ಬಂದಾಗ ಮುಷ್ಟಿ ಮುಚ್ಚಿತು.

“ಇದು ನಾಳೆ” ಎಂದಳಂತೆ. ತಾಯಿ ಕಟರನ್ನು ಡಬ್ಬಿಯೊಳಗೆ ಇಟ್ಟರು.